ಕೌಟುಂಬಿಕ ನ್ಯಾಯಾಲಯದ ನಕಲು: ಕಿಟಕಿಯೋ, ವಕೀಲರೋ, ಮೊಬೈಲೋ, ಮಾಹಿತಿ ಹಕ್ಕೋ?

ವಿಚ್ಛೇದನ ಆಗಿ ಮೂರು ವರ್ಷಕ್ಕೆ ಪಾಸ್‌ಪೋರ್ಟಿನಿಂದ ಗಂಡನ ಹೆಸರು ತೆಗೆಸಲು ಹೋದರೆ ಅಲ್ಲಿ ಕೇಳುವುದು ತೀರ್ಪಿನ ಝೆರಾಕ್ಸ್ ಅಲ್ಲ, ಕೋರ್ಟಿನ ಮೊಹರು ಬಿದ್ದ ದೃಢೀಕೃತ ನಕಲು. ಪಿಂಚಣಿ, ಎರಡನೇ ಮದುವೆಯ ನೋಂದಣಿ, ಮಗುವಿನ ಸುಪರ್ದಿ, ಜೀವನಾಂಶದ ಬಾಕಿ ವಸೂಲಿ ಎಲ್ಲದಕ್ಕೂ ಅದೇ ಕಾಗದ ಬೇಕು. ಅದನ್ನು ಪಡೆಯಲು ಜನ ಹಿಡಿಯುವ ದಾರಿ ನಾಲ್ಕು: ನಕಲು ವಿಭಾಗದ ಕಿಟಕಿಯಲ್ಲಿ ಸ್ವಂತ ಅರ್ಜಿ, ವಕೀಲರ ಮೂಲಕ ಅರ್ಜಿ, ಮೊಬೈಲಿನಲ್ಲೇ ಪ್ರಕರಣದ ವಿವರ ತೋರಿಸುವ ಇ-ಕೋರ್ಟ್ಸ್ ಜಾಲತಾಣ, ಮಾಹಿತಿ ಹಕ್ಕು. ನನ್ನ ಮತ ಕಿಟಕಿಗೆ. ಮೊಬೈಲು ಬೇಕು, ಆದರೆ ಕೇಸಿನ ನಂಬರು ಹುಡುಕಲು ಮಾತ್ರ. ವಕೀಲರು ಒಂದೆರಡು ಸಂದರ್ಭದಲ್ಲಿ ಅನಿವಾರ್ಯ. ಮಾಹಿತಿ ಹಕ್ಕು ಈ ಕೆಲಸಕ್ಕೆ ಬೇಡವೇ ಬೇಡ.

ಬೇಡದ್ದನ್ನೇ ಮೊದಲು ಮುಗಿಸೋಣ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಕೋರ್ಟು ಮನೆಗೇ ನಕಲು ಕಳಿಸುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ಇದನ್ನು ತೀರ್ಮಾನಿಸಿದೆ: ನ್ಯಾಯಾಂಗದ ಕಡತದ ನಕಲನ್ನು ಕೋರ್ಟಿನ ಸ್ವಂತ ನಿಯಮದ ಪ್ರಕಾರವೇ ಕೇಳಬೇಕು. ನಿಮ್ಮ ಅರ್ಜಿಗೂ ಅದೇ ಹಿಂಬರಹ ಬರುತ್ತದೆ, ಅದಕ್ಕೆ 30 ದಿನದವರೆಗೆ ಕಾಯಬೇಕು. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 19ನೇ ಕಲಂ ಮೇಲ್ಮನವಿಗೆ ಕೊಡುವ ಅವಧಿಯೂ 30 ದಿನವೇ. ಹಿಂಬರಹ ಕೈಗೆ ಬರುವಷ್ಟರಲ್ಲಿ ಆ ಗಡುವು ತೀರಿರುತ್ತದೆ.

ಮೊಬೈಲಿಗೆ ಬರೋಣ. ಇ-ಕೋರ್ಟ್ಸ್ ಜಾಲತಾಣ, ಆ್ಯಪ್ ಎರಡೂ ಪುಕ್ಕಟೆ. ಅಲ್ಲಿ ಸಿಗುವ ಪಿಡಿಎಫ್‌ಗೆ ಮೊಹರಿಲ್ಲ, ಯಾವ ಕಚೇರಿಯಲ್ಲೂ ಅದು ದೃಢೀಕೃತ ನಕಲಿನ ಬದಲಿಗೆ ನಡೆಯುವುದಿಲ್ಲ. ಮೇಲಾಗಿ ಕೌಟುಂಬಿಕ ಪ್ರಕರಣಗಳಲ್ಲಿ ಎಷ್ಟೋ ಆದೇಶಗಳು ಅಲ್ಲಿ ತೆರೆಯುವುದೇ ಇಲ್ಲ. ಅದಕ್ಕೆ ಬೇಜಾರಾಗಬೇಕಿಲ್ಲ. ಹಿಂದೂ ವಿವಾಹ ಕಾಯ್ದೆಯ 22ನೇ ಕಲಂ ಇಂಥ ವಿಚಾರಣೆಯನ್ನು ಗೋಪ್ಯವಾಗಿ ನಡೆಸಬೇಕೆನ್ನುತ್ತದೆ, ಅದರ ವಿವರ ಮುದ್ರಿಸಿ ಪ್ರಕಟಿಸಿದವರಿಗೆ ಸಾವಿರ ರೂಪಾಯಿವರೆಗೆ ದಂಡ ಇಟ್ಟಿದೆ. ಸಂಬಂಧಿಕರ ವಾಟ್ಸಾಪ್ ಗುಂಪಿಗೆ ತೀರ್ಪು ಹಾಕುವವರು ಇದನ್ನು ತಿಳಿದಿರಬೇಕು.

ಆದರೂ ಹುಡುಕಾಟಕ್ಕೆ ಇ-ಕೋರ್ಟ್ಸ್ ಬಿಟ್ಟರೆ ಗತಿಯಿಲ್ಲ, ಏಕೆಂದರೆ ಪ್ರಕರಣದ ಸಂಖ್ಯೆ ಇಲ್ಲದ ಅರ್ಜಿಯನ್ನು ಕಿಟಕಿಯಲ್ಲಿ ಮರಳಿಸುತ್ತಾರೆ. ಬೇಕಾದದ್ದು ಎರಡು: ಎಂ.ಸಿ. (ಮ್ಯಾಟ್ರಿಮೋನಿಯಲ್ ಕೇಸ್, ಅಂದರೆ ವೈವಾಹಿಕ ಪ್ರಕರಣ) ನಂಬರು ಮತ್ತು ಪ್ರತಿ ಪ್ರಕರಣಕ್ಕೂ ಇ-ಕೋರ್ಟ್ಸ್ ಕೊಡುವ 16 ಅಕ್ಷರದ ಸಿಎನ್‌ಆರ್ ನಂಬರು. ಸಿಎನ್‌ಆರ್ ಕೆ-ಎ ಎಂದು ಶುರುವಾಗಿ ವರ್ಷದಿಂದ ಮುಗಿಯುತ್ತದೆ. ನಡುವಿನ ಆರು ಅಂಕಿಯನ್ನು ಎಂ.ಸಿ. ನಂಬರೆಂದು ತಿಳಿದು ಅರ್ಜಿಯಲ್ಲಿ ಬರೆಯುವ ತಪ್ಪು ಬಹಳ ಸಾಮಾನ್ಯ. ಅದು ಬೇರೆ, ಇದು ಬೇರೆ. ಫೈಲಿಂಗ್ ನಂಬರು ಅನ್ನುವುದು ಮೂರನೆಯದು, ಅದೂ ಅಲ್ಲ. ಜೀವನಾಂಶದ ಅರ್ಜಿಯಾಗಿದ್ದರೆ ಎಂ.ಸಿ. ಬದಲು ಕ್ರಿ.ಮಿಸ್. ಎಂದಿರುತ್ತದೆ, ಮಗುವಿನ ಪಾಲನೆಯದಾದರೆ ಜಿ ಅಂಡ್ ಡಬ್ಲ್ಯು.ಸಿ.

ಹೆಸರಿನಿಂದ ಹುಡುಕುವಾಗ ಇಂಗ್ಲಿಷ್ ಅಕ್ಷರವೇ ಕಾಟ. ಲಕ್ಷ್ಮೀಗೆ ಎಕ್ಸ್ ಹಾಕಿದ್ದಾರೋ, ಕೆ-ಎಸ್-ಎಚ್ ಹಾಕಿದ್ದಾರೋ; ಜಾಧವದಲ್ಲಿ ಡಿ ಆದಮೇಲೆ ಎಚ್ ಇದೆಯೋ ಇಲ್ಲವೋ; ಬಸವರಾಜದ ನಡುವೆ ಎ ಬಿಟ್ಟಿದ್ದಾರೋ ಗೊತ್ತಾಗುವುದಿಲ್ಲ. ಪೂರ್ತಿ ಹೆಸರು ಹಾಕಲೇಬೇಡಿ. ಮೂರು ಅಕ್ಷರ ಸಾಕು, ಪಟ್ಟಿ ಉದ್ದ ಬಂದರೂ ಕಣ್ಣಾಡಿಸಿದರೆ ಸಿಗುತ್ತದೆ. ಗಂಡನ ಹೆಸರಿನಿಂದ ಸಿಗದಿದ್ದರೆ ಹೆಂಡತಿಯ ಹೆಸರು ಹಾಕಿ ನೋಡಿ. ಗುರುತು ‘ಪೆಂಡಿಂಗ್’ ಮೇಲೆ ಇದ್ದರೆ ತೀರ್ಪಾದ ಪ್ರಕರಣ ಕಾಣುವುದಿಲ್ಲ, ‘ಬೋತ್’ಗೆ ಬದಲಿಸಿ. ವರ್ಷ ಅಂದರೆ ತೀರ್ಪಿನ ವರ್ಷವಲ್ಲ, ಪ್ರಕರಣ ನೋಂದಾಯಿಸಿದ ವರ್ಷ.

ಇಷ್ಟಾದರೂ ಸಿಗಲಿಲ್ಲವೆಂದರೆ ನೀವು ಹುಡುಕುತ್ತಿರುವ ಕೋರ್ಟೇ ತಪ್ಪಿರಬಹುದು. ಅಥಣಿ, ಗೋಕಾಕ, ಚಿಕ್ಕೋಡಿ, ಬೈಲಹೊಂಗಲ ಕಡೆಯ ಎಷ್ಟೋ ಎಂ.ಸಿ. ಪ್ರಕರಣಗಳು ಅಲ್ಲಿನ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯದಲ್ಲೇ ನಡೆದು ಮುಗಿದಿವೆ. ಜಮಖಂಡಿ ಕಡೆಯವರೂ ಇದನ್ನು ನೋಡಿಕೊಳ್ಳಬೇಕು. ಜಿಲ್ಲಾ ಕೇಂದ್ರದಲ್ಲಿ ಕೌಟುಂಬಿಕ ನ್ಯಾಯಾಲಯ ಶುರುವಾದ ಮೇಲೆ ವರ್ಗವಾಗಿ ಬಂದ ಪ್ರಕರಣಕ್ಕೆ ಹಳೆಯದೊಂದು, ಹೊಸದೊಂದು ಅಂತ ಎರಡು ನಂಬರು ಇರುತ್ತವೆ. ಅರ್ಜಿಯಲ್ಲಿ ಎರಡನ್ನೂ ಬರೆಯಿರಿ. ಬಾಗಲಕೋಟೆಯವರಿಗೆ ಇನ್ನೊಂದು ತೊಡಕು: ಈ ಜಿಲ್ಲೆ ಆದದ್ದೇ 1997ರಲ್ಲಿ, ಅದಕ್ಕಿಂತ ಮುಂಚೆ ಜಿಲ್ಲಾ ನ್ಯಾಯಾಲಯ ಅಂದರೆ ವಿಜಯಪುರ. ಊರುಗಳ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು, ಹಾಗಾಗಿ ಹಳೆಯ ಕಾಗದದಲ್ಲಿ ಬೆಳಗಾಂ, ಬಿಜಾಪುರ ಎಂದೇ ಇರುತ್ತದೆ. ಮೊಬೈಲು ಒಗ್ಗದವರು ಕೋರ್ಟ್ ಆವರಣದ ಇ-ಸೇವಾ ಕೇಂದ್ರದಲ್ಲಿ ಕೇಳಬಹುದು, ಈ ಹುಡುಕಾಟ ಅವರ ಕೆಲಸವೇ.

ಇನ್ನು ಕಿಟಕಿ. ಅರ್ಜಿ ಒಂದೇ ಹಾಳೆಯದು: ನ್ಯಾಯಾಲಯದ ಹೆಸರು, ಪ್ರಕರಣದ ಸಂಖ್ಯೆ, ಇಬ್ಬರೂ ಕಕ್ಷಿದಾರರ ಹೆಸರು, ತೀರ್ಪಿನ ತಾರೀಖು, ಯಾವ ಯಾವ ಕಾಗದ ಎಷ್ಟೆಷ್ಟು ಪ್ರತಿ ಬೇಕು ಎಂಬ ವಿವರ, ಸಹಿ. ಜೊತೆಗೆ ಕೋರ್ಟ್ ಫೀ ಮತ್ತು ಗುರುತಿನ ಚೀಟಿಯ ಝೆರಾಕ್ಸ್. ತಪ್ಪುವುದು ‘ಯಾವ ಕಾಗದ’ ಅನ್ನುವಲ್ಲಿ. ‘ಡೈವೋರ್ಸ್ ಸರ್ಟಿಫಿಕೇಟ್’ ಎಂದು ಬರೆದರೆ ಅಂಥ ಕಾಗದವೇ ಇಲ್ಲ. ತೀರ್ಪು ಬೇರೆ, ಡಿಕ್ರಿ ಬೇರೆ. ಕಾರಣಗಳೆಲ್ಲ ತೀರ್ಪಿನಲ್ಲಿ, ಫಲಿತಾಂಶ ಒಂದೆರಡು ಪುಟದ ಡಿಕ್ರಿಯಲ್ಲಿ. ಎರಡನ್ನೂ ಹೆಸರಿಸಿ ಕೇಳಿ. ಪರಸ್ಪರ ಒಪ್ಪಿಗೆಯ ವಿಚ್ಛೇದನವಾಗಿದ್ದರೆ ಜಂಟಿ ಅರ್ಜಿಯನ್ನೂ, ಮಧ್ಯಸ್ಥಿಕೆ ಕೇಂದ್ರದಲ್ಲಿ ಆದ ಒಪ್ಪಂದ ಪತ್ರವನ್ನೂ ಸೇರಿಸಿ. ‘ಒಪ್ಪಂದದ ಷರತ್ತಿನಂತೆ’ ಎಂದಷ್ಟೇ ಬರೆದ ಡಿಕ್ರಿ ಕೈಯಲ್ಲಿದ್ದು ಷರತ್ತಿನ ಹಾಳೆ ಇಲ್ಲದಿದ್ದರೆ, ಹೊಲ ಯಾರ ಹೆಸರಿಗೆ, ಹಣ ಎಷ್ಟು ಕಂತಿನಲ್ಲಿ ಅನ್ನುವುದಕ್ಕೆ ಆಧಾರವೇ ಸಿಗದು. ಸಾಕ್ಷ್ಯ ಬೇಕಾದರೆ ಪಿ.ಡಬ್ಲ್ಯು. 1 (ಅರ್ಜಿದಾರರ ಸಾಕ್ಷಿ), ಆರ್.ಡಬ್ಲ್ಯು. 1 (ಎದುರುದಾರರ ಸಾಕ್ಷಿ) ಎಂದು ಸಾಕ್ಷಿಯ ಸಂಖ್ಯೆ ಸಮೇತ ಬರೆಯಿರಿ, ‘ಎಲ್ಲ ಕಾಗದ’ ಎಂದು ಬರೆಯಬೇಡಿ. ನಿಮ್ಮದೇ ಮೂಲ ದಾಖಲೆ, ಉದಾಹರಣೆಗೆ ಮದುವೆಯ ಫೋಟೊ, ಶಾಲೆಯ ದಾಖಲೆ ಕಡತದಲ್ಲಿದ್ದರೆ ಅದಕ್ಕೆ ನಕಲು ಅರ್ಜಿ ಅಲ್ಲ. ಮೇಲ್ಮನವಿಯ ಅವಧಿ ಮುಗಿದ ಮೇಲೆ ಮೂಲವನ್ನೇ ಮರಳಿ ಕೊಡಿ ಎಂದು ಪ್ರತ್ಯೇಕ ಅರ್ಜಿ.

ಪುಕ್ಕಟೆ ಸಿಗಬೇಕಾದ್ದನ್ನು ಬಿಡಬೇಡಿ. ಹಿಂದೂ ವಿವಾಹ ಕಾಯ್ದೆಯ 23(4) ಪ್ರಕಾರ ವಿಚ್ಛೇದನದ ಡಿಕ್ರಿಯ ಒಂದು ಪ್ರತಿಯನ್ನು ಗಂಡ, ಹೆಂಡತಿ ಇಬ್ಬರಿಗೂ ಕೋರ್ಟು ಉಚಿತವಾಗಿ ಕೊಡಬೇಕು. ಜೀವನಾಂಶದ ಆದೇಶವೂ ಅಷ್ಟೇ: ಯಾರ ಪರವಾಗಿ ಆದೇಶವಾಗಿದೆಯೋ ಅವರಿಗೆ ಒಂದು ಪ್ರತಿ ಉಚಿತ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 128ನೇ ಕಲಮಿನಲ್ಲಿದ್ದ ಈ ಹಕ್ಕು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 147ರಲ್ಲಿದೆ. ಕೇಳದವರಿಗೆ ಇದು ತಾನಾಗಿ ಸಿಗುವುದು ಕಡಿಮೆ. ಬಾಯಿಬಿಟ್ಟು ಕೇಳಿ, ಕಲಂ ಸಂಖ್ಯೆಯನ್ನೂ ಹೇಳಿ. ಉಳಿದ ಕಾಗದಕ್ಕೆ ಮತ್ತು ಹೆಚ್ಚಿನ ಪ್ರತಿಗೆ ಪುಟದ ಲೆಕ್ಕದಲ್ಲಿ ಹಣ ಕಟ್ಟಬೇಕು. ತೀರ್ಪು, ಡಿಕ್ರಿ ಒಮ್ಮೆಗೇ ಎರಡೆರಡು ಪ್ರತಿ ತೆಗೆಸಿ. ಕಡತ ರೆಕಾರ್ಡ್ ರೂಮಿಗೆ ಹೋದಮೇಲೆ ಅದನ್ನು ಹುಡುಕಿ ತರಿಸಲು ಹಿಡಿಯುವ ದಿನಗಳ ಮುಂದೆ ಆ ಖರ್ಚು ಏನೂ ಅಲ್ಲ.

ಕಿಟಕಿಯ ದಾರಿಯಲ್ಲಿ ನಿಜವಾಗಿ ತಲೆನೋವು ತರುವುದು ಹಣ ಕಟ್ಟುವ ಹಂತ. ಅರ್ಜಿ ಕೊಟ್ಟ ದಿನವೇ ಪುಟ ಎಷ್ಟಾಗುತ್ತದೆಂದು ಹೇಳುವುದಿಲ್ಲ. ಕಡತ ಬಂದು, ಪುಟ ಎಣಿಸಿ, ಇಷ್ಟು ಹಣ ಕಟ್ಟಿ ಎಂದು ನೋಟಿಸ್ ಬೋರ್ಡಿಗೆ ಪಟ್ಟಿ ಹಚ್ಚುತ್ತಾರೆ. ಯಾರೂ ಫೋನು ಮಾಡುವುದಿಲ್ಲ. ಪಟ್ಟಿ ನೋಡದೆ ಮನೆಯಲ್ಲಿ ಕುಳಿತರೆ ಅರ್ಜಿ ಅಲ್ಲೇ ನಿಲ್ಲುತ್ತದೆ, ಗಡುವು ದಾಟಿದರೆ ವಜಾ ಆಗುತ್ತದೆ, ಮತ್ತೆ ಮೊದಲಿಂದ ಶುರು. ಮುದ್ದೇಬಿಹಾಳದಿಂದ ವಿಜಯಪುರಕ್ಕೆ, ಹುನಗುಂದದಿಂದ ಬಾಗಲಕೋಟೆಯ ನವನಗರಕ್ಕೆ ಒಂದು ದಿನದ ಕೂಲಿ ಬಿಟ್ಟು ಬರುವವರಿಗೆ ಇದು ಸಣ್ಣ ಮಾತಲ್ಲ.

ಮೇಲ್ಮನವಿ ಹಾಕುವವರಿಗೆ ಇದು ಇನ್ನೂ ಗಂಭೀರ. ನಕಲಿನ ಹಿಂಬದಿಯಲ್ಲಿ ಒಂದು ಮೊಹರು ಇರುತ್ತದೆ: ಅರ್ಜಿ ಕೊಟ್ಟ ದಿನ, ಹಣ ಕೇಳಿದ ದಿನ, ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಒಯ್ದ ದಿನ. ಪರಿಮಿತಿ ಕಾಯ್ದೆಯ 12ನೇ ಕಲಂ ನಕಲು ಪಡೆಯಲು ‘ಬೇಕಾದ’ ಸಮಯವನ್ನು ಮೇಲ್ಮನವಿಯ ಅವಧಿಯಿಂದ ಕಳೆಯುತ್ತದೆ, ಆದರೆ ನಿಮ್ಮ ತಡವನ್ನು ಕಳೆಯುವುದಿಲ್ಲ. 5ಕ್ಕೆ ಅರ್ಜಿ ಕೊಟ್ಟಿರಿ, 9ಕ್ಕೆ ಹಣ ಕೇಳಿದರು, 20ಕ್ಕೆ ಕಟ್ಟಿದಿರಿ, 22ಕ್ಕೆ ಸಿದ್ಧವಾಯಿತು, 30ಕ್ಕೆ ಒಯ್ದಿರಿ ಅಂದುಕೊಳ್ಳಿ. ಮಾಫಿ ಆಗುವುದು 5ರಿಂದ 9 ಮತ್ತು 20ರಿಂದ 22, ಒಟ್ಟು ಎಂಟು ದಿನ. ನಡುವಿನ ಹತ್ತು ದಿನ, ಕೊನೆಯ ಎಂಟು ದಿನ ನಿಮ್ಮ ಲೆಕ್ಕಕ್ಕೇ. 30ರಲ್ಲಿ 18 ದಿನ ಹೋಯಿತು. ತೀರ್ಪಿನ ನಂತರ ಅರ್ಜಿಯನ್ನೇ ತಡವಾಗಿ ಕೊಟ್ಟರೆ ಆ ದಿನಗಳಿಗೂ ಮಾಫಿ ಇಲ್ಲ. ಡಿಕ್ರಿ ಬರೆದಾಗಲಿ ಆಮೇಲೆ ಅರ್ಜಿ ಕೊಡೋಣ ಅನ್ನುವುದು ಇದೇ ಕಾರಣಕ್ಕೆ ತಪ್ಪು. ತೀರ್ಪು ಓದಿದ ದಿನವೇ ಅರ್ಜಿ ಒಳಗೆ ಹೋಗಲಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೇಲ್ಮನವಿಗೆ 90 ದಿನವಿದೆ ಎಂದು ಯಾರಾದರೂ ಧೈರ್ಯ ಹೇಳಿದರೂ 30ನ್ನೇ ಹಿಡಿದು ನಡೆಯಿರಿ. ಒಪ್ಪಿಗೆಯ ಡಿಕ್ರಿಗೆ ಮೇಲ್ಮನವಿಯೇ ಇಲ್ಲ, ಹಾಗಾಗಿ ಅಂಥವರಿಗೆ ಈ ಗಡಿಬಿಡಿಯೂ ಇಲ್ಲ.

ಇದಕ್ಕೆ ನನಗೆ ತಿಳಿದ ಉಪಾಯ ಎರಡು. ಅರ್ಜಿ ಕೊಡುವಾಗಲೇ ಮುಂಗಡ ಕಟ್ಟಿಸಿಕೊಳ್ಳುತ್ತೀರಾ ಎಂದು ಕೇಳಿ. ಆಗದೆಂದರೆ ಅರ್ಜಿಯ ಕ್ರಮಸಂಖ್ಯೆಯನ್ನು ಬರೆದುಕೊಂಡು, ಮೂರನೇ ದಿನದಿಂದ ಬೋರ್ಡು ನೋಡಲು ಕೋರ್ಟಿರುವ ಊರಲ್ಲೇ ಇರುವ ನಂಬಿಕೆಯ ಒಬ್ಬರಿಗೆ ಒಪ್ಪಿಸಿ. ಬೋರ್ಡಿನ ಫೋಟೊ ಬಂದರೆ ಸಾಕು, ಮರುದಿನದ ಬಸ್ಸು ಹಿಡಿಯಬಹುದು.

ವಕೀಲರ ದಾರಿಯ ದೊಡ್ಡ ಅನುಕೂಲ ಇಲ್ಲೇ ಇದೆ. ಅವರ ಗುಮಾಸ್ತರು ದಿನಾ ಆ ಬೋರ್ಡಿನ ಮುಂದೆಯೇ ಓಡಾಡುತ್ತಾರೆ. ಮೇಲ್ಮನವಿ ಖಚಿತವಾಗಿದ್ದರೆ, ಕಡತದಲ್ಲಿ ವಕಾಲತ್ತು ಇದ್ದರೆ, ಅವರಿಗೇ ಬಿಡಿ. ಬರೀ ತೀರ್ಪು, ಡಿಕ್ರಿ ಬೇಕಾದವರಿಗೆ ಮಾತ್ರ ಇದು ದುಬಾರಿ. ನಕಲಿನ ಶುಲ್ಕಕ್ಕಿಂತ ಓಡಾಟದ ಖರ್ಚೇ ದೊಡ್ಡದಾಗುತ್ತದೆ, ಸಿದ್ಧವಾದ ನಕಲು ಕಚೇರಿಯ ಕಪಾಟಿನಲ್ಲಿ ವಾರಗಟ್ಟಲೆ ಕುಳಿತದ್ದೂ ನಿಮಗೆ ಗೊತ್ತಾಗುವುದಿಲ್ಲ. ವಕೀಲರು ಬದಲಾಗಿದ್ದರೆ ಅಥವಾ ತೀರಿಕೊಂಡಿದ್ದರೆ ಹೊಸ ವಕಾಲತ್ತು ಬೇಕು. ಕಕ್ಷಿದಾರರು ತಾವೇ ಕೇಳಿದರೆ ಅದೂ ಬೇಡ. ಈ ಕೋರ್ಟಿನಲ್ಲಂತೂ ವಾದಕ್ಕೇ ವಕೀಲರು ಹಕ್ಕಿನಿಂದ ನಿಲ್ಲಲು ಬರುವುದಿಲ್ಲ, ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಂ ಹಾಗೆನ್ನುತ್ತದೆ. ಹಣದ ತೊಂದರೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಕೇಳದೆಯೇ ಉಚಿತ ನೆರವು ಇದೆ. ಸಹಾಯವಾಣಿ 15100.

ಕಕ್ಷಿದಾರರಲ್ಲದವರು, ಅಂದರೆ ಹೊಸ ಸಂಬಂಧ ನೋಡುವ ಮನೆಯವರು, ನಕಲು ಬೇಕೆಂದರೆ ಕಾರಣ ಹೇಳಿ ಪ್ರಮಾಣಪತ್ರ ಹಾಕಿ ನ್ಯಾಯಾಧೀಶರ ಅನುಮತಿ ಪಡೆಯಬೇಕು, ಕೌಟುಂಬಿಕ ಪ್ರಕರಣದಲ್ಲಿ ಅದು ಸುಲಭವಲ್ಲ. ಅವರು ಎದುರಿನವರಿಂದಲೇ ದೃಢೀಕೃತ ಡಿಕ್ರಿ ತರಿಸಿಕೊಂಡು, ಇ-ಕೋರ್ಟ್ಸ್‌ನಲ್ಲಿ ಸಿಎನ್‌ಆರ್ ಹಾಕಿ ‘ಡಿಸ್ಪೋಸ್ಡ್’ (ಇತ್ಯರ್ಥವಾಗಿದೆ) ಎಂದು ಬರುತ್ತದೆಯೇ, ತಾರೀಖು ಹೊಂದುತ್ತದೆಯೇ ನೋಡಿಕೊಂಡರೆ ಸಾಕು.

ಒಂದೇ ಸಂದರ್ಭದಲ್ಲಿ ನನ್ನ ಮೆಚ್ಚಿನ ಕಿಟಕಿ ಕೈಕೊಡುತ್ತದೆ: ಮೇಲ್ಮನವಿ ದಾಖಲಾಗಿ ಮೂಲ ಕಡತವನ್ನು ಹೈಕೋರ್ಟ್ ತರಿಸಿಕೊಂಡಾಗ. ಬೆಳಗಾವಿ, ಬಾಗಲಕೋಟೆಯ ಕಡತ ಧಾರವಾಡ ಪೀಠಕ್ಕೆ, ವಿಜಯಪುರದ್ದು ಕಲಬುರಗಿ ಪೀಠಕ್ಕೆ ಹೋಗಿರುತ್ತದೆ. ಆಗ ಇಲ್ಲಿ ‘ಕಡತ ಇಲ್ಲ’ ಎಂದರೆ ಕಳೆದುಹೋಗಿದೆ ಎಂದು ಗಾಬರಿಯಾಗದೆ, ಕಳಿಸಿದ ಪತ್ರದ ಸಂಖ್ಯೆ, ತಾರೀಖು ಬರೆದುಕೊಂಡು ಅಲ್ಲಿ ಅರ್ಜಿ ಕೊಡಬೇಕು.

ನಕಲು ಕೈಗೆ ಬಂದಾಗ ಕಿಟಕಿ ಬಿಡುವ ಮುನ್ನ ಪ್ರತಿ ಪುಟದ ಮೊಹರು, ಪುಟಗಳ ಕ್ರಮ, ಇಬ್ಬರ ಹೆಸರು, ಮದುವೆಯ ತಾರೀಖು ಓದಿ. ಅಕ್ಷರ ತಪ್ಪು ನಕಲಿನಲ್ಲಷ್ಟೇ ಇದ್ದರೆ ಅಲ್ಲೇ ಸರಿಪಡಿಸುತ್ತಾರೆ. ಮೂಲ ಡಿಕ್ರಿಯಲ್ಲೇ ತಪ್ಪಿದ್ದರೆ ನಕಲು ವಿಭಾಗಕ್ಕೆ ಅಧಿಕಾರವಿಲ್ಲ; ಸಿವಿಲ್ ಪ್ರಕ್ರಿಯಾ ಸಂಹಿತೆಯ 152ನೇ ಕಲಮಿನಡಿ ತಿದ್ದುಪಡಿಗೆ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಿ, ಆಮೇಲೆ ಹೊಸದಾಗಿ ನಕಲು ಕೇಳಿ.