ಪ್ರವಾಸ ಕಥನದ ಮೇಲೆ ರಿಸರ್ಚ್ ಮಾಡೋರು ಹೋಗ್ಲೇಬೇಕಾದ ಅಂಗಡಿ: ಲಂಡನ್‌ನ ಡಾಂಟ್ ಬುಕ್ಸ್

ಮ್ಯಾರಿಲೆಬೋನ್ ಹೈ ಸ್ಟ್ರೀಟ್‌ನ ಡಾಂಟ್ ಬುಕ್ಸ್ ಫೋಟೋನ ನೀವು ಎಲ್ಲಾದ್ರೂ ನೋಡೇ ಇರ್ತೀರಿ, ಉದ್ದನೆ ಹಾಲ್, ಎರಡೂ ಕಡೆ ಓಕ್ ಮರದ ಗ್ಯಾಲರಿ, ಮೇಲಿಂದ ಬೀಳೋ ಬೆಳಕು. ಚೆಂದ ಇದೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ನಾನು ಈ ರಿವ್ಯೂ ಬರೀತಿರೋದು ಕ್ರಿಯೇಟಿವ್ ರೈಟಿಂಗ್‌ನಲ್ಲಿ ಪಿಎಚ್‌ಡಿ ಮಾಡ್ಬೇಕು, ಅದ್ರಲ್ಲೂ ಪ್ರವಾಸ ಕಥನಾನೇ ಬರ್ದು ಥೀಸಿಸ್ ಆಗಿ ಕೊಡ್ಬೇಕು ಅಂತ ಯೋಚ್ನೆ ಮಾಡ್ತಿರೋರಿಗೆ.

ಈ ಥರದ ಪಿಎಚ್‌ಡಿ ಇದೆಯಾ ಅಂತ ನಮ್ಮ ಕಡೆ ತುಂಬಾ ಜನ ಕೇಳ್ತಾರೆ. ಇದೆ. ಬ್ರಿಟನ್‌ನಲ್ಲಿ ನಾರಿಚ್‌ನ ಈಸ್ಟ್ ಆಂಗ್ಲಿಯಾ ಯೂನಿವರ್ಸಿಟಿ 1970ರಲ್ಲೇ ಕ್ರಿಯೇಟಿವ್ ರೈಟಿಂಗ್ ಎಂಎ ಶುರು ಮಾಡಿತ್ತು, ಈಗ ಬೇರೆ ಎಷ್ಟೋ ಕಡೆ ಪಿಎಚ್‌ಡಿವರೆಗೂ ಇದೆ. ಥೀಸಿಸ್‌ಗೆ ಎರಡು ಭಾಗ, ಒಂದು ನೀವು ಬರ್ದಿರೋ ಕೃತಿ, ಇನ್ನೊಂದು ಅದ್ರ ಜೊತೆ ಹೋಗೋ ವಿಮರ್ಶೆಯ ಭಾಗ, ಆಸ್ಟ್ರೇಲಿಯಾದಲ್ಲಿ ಅದನ್ನ ಎಕ್ಸಿಜೀಸಿಸ್ ಅಂತಾರೆ. ಕಷ್ಟ ಇರೋದು ಈ ಎರಡನೇದ್ರಲ್ಲಿ. ಹೋಗಿ ಬಂದೆ, ನೋಡಿದೆ, ಬರ್ದೆ ಅಂದ್ರೆ ಸಾಕಾಗಲ್ಲ, ನೀವು ಯಾರ ಕಣ್ಣಲ್ಲಿ ನೋಡಿದ್ರಿ, ಬಸ್ಸಲ್ಲಿ ಪಕ್ಕ ಕೂತೋರು ಹೇಳಿದ್ದನ್ನ ಬರೀಬೇಕಾದ್ರೆ ಅವ್ರ ಒಪ್ಪಿಗೆ ಇತ್ತಾ, ಇಬ್ರನ್ನ ಸೇರ್ಸಿ ಒಂದು ಪಾತ್ರ ಮಾಡಿದ್ರೆ ಅದು ನಾನ್‌ಫಿಕ್ಷನ್ ಆಗಿ ಉಳಿಯತ್ತಾ, ಇದೆಲ್ಲಕ್ಕೂ ಉತ್ತರ ಕೊಡ್ಬೇಕು. ಹೊರಡೋಕೆ ಮುಂಚೆನೇ ಎಥಿಕ್ಸ್ ಫಾರ್ಮು, ರಿಸ್ಕ್ ಅಸೆಸ್‌ಮೆಂಟು ಎಲ್ಲಾ ತುಂಬೋದಿರತ್ತೆ.

ಈ ಪ್ರಶ್ನೆಗಳನ್ನ ಇಟ್ಕೊಂಡು ಡಾಂಟ್‌ಗೆ ಹೋಗಿ ನೋಡಿ, ಒಳಗಿನ ಹಾಲ್‌ನಲ್ಲಿ ಪುಸ್ತಕ ಜೋಡ್ಸಿರೋದು ದೇಶದ ಪ್ರಕಾರ. ಟರ್ಕಿ ಅಂತ ಇರೋ ಕಡೆ ನಿಂತ್ರೆ ಗೈಡ್ ಬುಕ್ಕು, ಆಟೊಮನ್ನರ ಚರಿತ್ರೆ, ಟರ್ಕಿಶ್‌ನಿಂದ ಅನುವಾದ ಆಗಿರೋ ಕಾದಂಬರಿ, ಹೊರಗಿಂದ ಬಂದು ಸುತ್ತಿ ಹೋದೋರ ಪ್ರವಾಸ ಕಥನ, ಎಲ್ಲಾ ಒಂದೇ ಸಾಲಲ್ಲಿ. ಬೇರೆ ಕಡೆ ಆಗಿದ್ರೆ ಇವು ನಾಲ್ಕು ವಿಭಾಗಕ್ಕೆ ಹಂಚಿ ಹೋಗಿರ್ತಿದ್ವು. ಇಲ್ಲಿ ಇಸ್ತಾಂಬುಲ್‌ಗೆ ಹದಿನೈದು ದಿನಕ್ಕೆ ಬಂದೋನು ಆ ಊರಿನ ಬಗ್ಗೆ ಏನು ಬರ್ದ, ಅಲ್ಲೇ ಹುಟ್ಟಿ ಬೆಳೆದೋರು ಏನು ಬರೆದ್ರು ಅನ್ನೋದು ಪಕ್ಕಪಕ್ಕದಲ್ಲೇ ಸಿಗತ್ತೆ, ಎರಡನ್ನೂ ತೆಗ್ದು ಒಂದೊಂದು ಪುಟ ಓದಿದ್ರೆ ಬಂದೋನಿಗೆ ಯಾವುದು ಕಾಣ್ಲೇ ಇಲ್ಲ ಅಂತ ತಕ್ಷಣ ಗೊತ್ತಾಗತ್ತೆ. ವಸಾಹತು ಕಾಲದ ಪ್ರವಾಸಿಗರ ದೃಷ್ಟಿ ಬಗ್ಗೆ ಸೆಮಿನಾರ್‌ಗಳಲ್ಲಿ ಎಷ್ಟೋ ಕೇಳಿರ್ತೀವಿ, ಅದು ನಿಜವಾಗಿ ಮನಸ್ಸಿಗೆ ಇಳಿಯೋದು ಹೀಗೆ ಕಪಾಟಿನ ಮುಂದೆ ನಿಂತಾಗ. ಥೀಸಿಸ್ ಪ್ರಪೋಸಲ್ ಬರೆಯೋಕೆ ಮುಂಚೆ ನೀವು ಹೋಗ್ಬೇಕಂತಿರೋ ದೇಶದ ಸಾಲನ್ನ ಈ ಕೊನೆಯಿಂದ ಆ ಕೊನೆವರೆಗೂ ನೋಡಿ, ಅಲ್ಲೀವರೆಗೆ ಒಂದು ಸಾಲೂ ಬರೀಬೇಡಿ ಅಂತಾನೇ ನಾನು ಹೇಳೋದು.

ಜೇಮ್ಸ್ ಡಾಂಟ್ ಅನ್ನೋರು ಬ್ಯಾಂಕ್ ಕೆಲಸ ಬಿಟ್ಟು 1990ರಲ್ಲಿ ಶುರು ಮಾಡಿದ ಅಂಗಡಿ ಇದು. ಆಮೇಲೆ 2011ರಲ್ಲಿ ಬ್ರಿಟನ್‌ನ ದೊಡ್ಡ ಪುಸ್ತಕದಂಗಡಿ ಸರಣಿ ವಾಟರ್‌ಸ್ಟೋನ್ಸ್, 2019ರಲ್ಲಿ ಅಮೆರಿಕದ ಅಂಥದ್ದೇ ಸರಣಿ ಬಾರ್ನ್ಸ್ ಅಂಡ್ ನೋಬಲ್ ನಡ್ಸೋ ಜವಾಬ್ದಾರೀನೂ ಅವ್ರಿಗೇ ಬಂತು. ಕಟ್ಟಡ ಅದಕ್ಕಿಂತ ತುಂಬಾ ಹಳೇದು, ಎಡ್ವರ್ಡ್ ದೊರೆ ಕಾಲದ್ದು, ಅಂದ್ರೆ ಇಪ್ಪತ್ತನೇ ಶತಮಾನದ ಶುರುವಿನದ್ದು, ಪುಸ್ತಕದ ಅಂಗಡಿಗೆ ಅಂತಾನೇ ಕಟ್ಟಿದ್ದು.

ದೇಶದ ಪ್ರಕಾರ ಪುಸ್ತಕ ಇಡೋ ಈ ಜೋಡಣೆಗೂ ಒಂದು ಮಿತಿ ಇದೆ. ಇವತ್ತಿನ ಒಳ್ಳೊಳ್ಳೆ ಪ್ರವಾಸ ಬರವಣಿಗೆ ಎಷ್ಟೋ ಒಂದು ದೇಶದೊಳಗೆ ನಿಲ್ಲಲ್ಲ, ನದಿ ಹಿಡ್ಕೊಂಡು ಹೋಗತ್ತೆ, ಗಡಿ ದಾಟತ್ತೆ, ವಲಸೆ ಹೊರಟೋರ ಜೊತೆ ನಡೆಯತ್ತೆ, ಅಂಥ ಪುಸ್ತಕಾನ ಯಾವ ದೇಶದ ಕೆಳಗೆ ಇಡೋದು? ಹಾಗಾಗಿ ಅಂಥದ್ದು ಬೇಕಿದ್ರೆ ಕೌಂಟರ್‌ನಲ್ಲಿ ಕೇಳಿಬಿಡೋದು ವಾಸಿ. ಇನ್ನು ಯೂನಿವರ್ಸಿಟಿ ಪ್ರೆಸ್‌ಗಳ ದುಬಾರಿ ಥಿಯರಿ ಪುಸ್ತಕಕ್ಕೆ, 1997ರಿಂದ ಬರ್ತಿರೋ ಸ್ಟಡೀಸ್ ಇನ್ ಟ್ರಾವೆಲ್ ರೈಟಿಂಗ್ ಥರದ ಜರ್ನಲ್‌ಗೆ ಲೈಬ್ರರಿನೇ ಸರಿ. ಬ್ರಿಟಿಷ್ ಲೈಬ್ರರಿ ಸೇಂಟ್ ಪ್ಯಾಂಕ್ರಾಸ್‌ನಲ್ಲಿದೆ, ರೀಡರ್ ಪಾಸ್ ಫ್ರೀ, ಒಳಗೆ ಪೆನ್ ಬಿಡಲ್ಲ, ಪೆನ್ಸಿಲ್ ತಗೊಂಡು ಹೋಗಿ.

ನನಗೆ ಅಲ್ಲಿ ನಿಂತಾಗೆಲ್ಲ ನಮ್ಮ ಕನ್ನಡದ ಅಂಗಡಿಗಳದ್ದೇ ಯೋಚ್ನೆ. ಗೊರೂರರ ಅಮೆರಿಕ ಪ್ರವಾಸದ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ, ಕಾರಂತರು ಯುರೋಪ್ ಸುತ್ತಿ ಬಂದು ಬರ್ದಿದಾರೆ, ಅಷ್ಟು ಗಟ್ಟಿ ಪರಂಪರೆ ಇಟ್ಕೊಂಡು ನಾವು ಪ್ರವಾಸ ಕಥನನ ಒಂದು ಮೂಲೆ ಕಪಾಟಿಗೆ ತಳ್ಳಿಬಿಡ್ತೀವಿ. ಬೆಂಗಳೂರಲ್ಲೋ ಧಾರವಾಡದಲ್ಲೋ ಯಾರಾದ್ರೂ ಒಂದೇ ಒಂದು ಕಪಾಟನ್ನ ಹಿಂಗೆ ಜೋಡ್ಸಿ ನೋಡ್ಲಿ, ಹಂಪಿ ಅಂತ ಬೋರ್ಡ್ ಹಾಕಿ ಪೋರ್ಚುಗೀಸ್ ಪ್ರವಾಸಿಗಳಾದ ಪಾಯಸ್, ನೂನಿಜ್ ಬರ್ದಿದ್ದರ ಪಕ್ಕದಲ್ಲೇ ಹರಿಹರನ ರಗಳೆ, ಬಳ್ಳಾರಿ ಕಡೆಯೋರ ಇವತ್ತಿನ ಕಥೆ, ಎಲ್ಲಾ ಇಡ್ಲಿ. ಪ್ರವಾಸ ಸಾಹಿತ್ಯದ ಮೇಲೆ ಇಲ್ಲೇ ಥೀಸಿಸ್ ಮಾಡೋ ಹುಡುಗ್ರಿಗೆ ಅದ್ರಿಂದ ಎಷ್ಟು ಅನುಕೂಲ ಆಗತ್ತೆ!

ಬೇಕರ್ ಸ್ಟ್ರೀಟ್ ಟ್ಯೂಬ್ ಸ್ಟೇಷನ್‌ನಿಂದ ನಡ್ಕೊಂಡೇ ಹೋಗ್ಬಹುದು. ದೊಡ್ಡ ಡಿಸ್ಕೌಂಟ್ ಸಿಗತ್ತೆ ಅಂದ್ಕೋಬೇಡಿ. ಶನಿವಾರ ಭಾನುವಾರ ಬಿಟ್ಟು ವಾರದ ದಿನ ಬೆಳಿಗ್ಗೆ ಹೋದ್ರೆ ನಿಧಾನಕ್ಕೆ ನಿಂತು ಓದೋಕಾಗತ್ತೆ. ಮ್ಯಾಪ್ ಬೇಕು ಅನ್ನೋರು ಅಲ್ಲಿಂದ ಕೋವೆಂಟ್ ಗಾರ್ಡನ್‌ನ ಸ್ಟ್ಯಾನ್‌ಫರ್ಡ್ಸ್‌ಗೂ ಹೋಗಿ, 1853ರ ಅಂಗಡಿ ಅದು, 2019ರಲ್ಲಿ ಲಾಂಗ್ ಏಕರ್ ಬಿಟ್ಟು ಹತ್ರದ ಮರ್ಸರ್ ವಾಕ್‌ಗೆ ಬಂದಿದೆ, ಎರಡನ್ನೂ ಒಂದೇ ದಿನದಲ್ಲಿ ಮುಗಿಸ್ಬಹುದು.