ಅಣಕು ಸಂದರ್ಶನ ಸೇವೆಯೊಂದರ 14 ತಿಂಗಳ ಬಳಕೆ: ಅಂಕಕ್ಕಿಂತ ನೆರವಾದದ್ದು ಧ್ವನಿಮುದ್ರಣ

ಅಣಕು ಸಂದರ್ಶನಗಳ ಮೂಲಕ ಅಭ್ಯಾಸ ಮಾಡಿಸುವ ಆನ್‌ಲೈನ್ ಸೇವೆಯೊಂದನ್ನು ನಾನು ಬಳಸುತ್ತ 14 ತಿಂಗಳಾದವು. ಮೊದಲ 7 ತಿಂಗಳು ಕೆಲಸ ಹುಡುಕುತ್ತಿದ್ದಾಗ ಬಳಸಿದೆ. ಕೆಲಸ ಸಿಕ್ಕ ಮೇಲೆ, ಅದೇ ಸಂಸ್ಥೆಯೊಳಗಿನ ಬಡ್ತಿಯ ಸಂದರ್ಶನಕ್ಕಾಗಿ ಚಂದಾ ಮುಂದುವರಿಸಿದೆ. ಈ ಬಗೆಯ ಸೇವೆಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಕೆಲಸ ಮಾಡುವುದರಿಂದ ಹೆಸರು ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಕ್ಯಾಮೆರಾದ ಮುಂದೆ ಉತ್ತರಿಸಬೇಕು, ಹೇಳಿದ್ದೆಲ್ಲ ಮುದ್ರಣವಾಗಿ ಅಕ್ಷರರೂಪದಲ್ಲಿಯೂ ಕೈಗೆ ಸಿಗುತ್ತದೆ, ಯಂತ್ರ ಅದಕ್ಕೊಂದು ಅಂಕ ಕೊಡುತ್ತದೆ. ಇದಲ್ಲದೆ ತಿಂಗಳಿಗೆ ಎರಡು ಬಾರಿ ಅನುಭವಿ ಸಂದರ್ಶಕರೊಬ್ಬರೊಂದಿಗೆ ಅರ್ಧ ಗಂಟೆಯ ಮಾತುಕತೆಯೂ, ರೆಸ್ಯೂಮೆ ಪರಿಶೀಲನೆಯೂ ಇವೆ.

ದಾಸ್ತಾನು ವಿಭಾಗವೊಂದರಲ್ಲಿ 9 ವರ್ಷ ದುಡಿದಿದ್ದ ನನಗೆ ನನ್ನ ಕೆಲಸದ ಬಗ್ಗೆ ಮಾತನಾಡಲು ತಯಾರಿ ಬೇಕೆಂದು ಅನ್ನಿಸಿಯೇ ಇರಲಿಲ್ಲ. ಮೊದಲ ವಾರದಲ್ಲಿ ಬಂದ ಪ್ರಶ್ನೆ ತೀರ ಸಾಮಾನ್ಯವಾದದ್ದು: ನೀವು ಎದುರಿಸಿದ ಕಠಿಣ ಸನ್ನಿವೇಶವೊಂದನ್ನು ವಿವರಿಸಿ. ಗೋದಾಮಿನ ಲೆಕ್ಕಕ್ಕೂ ಪುಸ್ತಕದ ಲೆಕ್ಕಕ್ಕೂ ತಾಳೆಯಾಗದೆ ಹೋದ ವರ್ಷಾಂತ್ಯವೊಂದನ್ನು ಹೇಳಿದೆ. ಚೆನ್ನಾಗಿಯೇ ಹೇಳಿದೆನೆಂದು ನಂಬಿದೆ. ಮರುದಿನ ಅದರ ಅಕ್ಷರರೂಪವನ್ನು ಓದಿದಾಗ, 4 ನಿಮಿಷದ ಉತ್ತರದಲ್ಲಿ ಸುಮಾರು 3 ನಿಮಿಷ ಹಿನ್ನೆಲೆಗೇ ಹೋಗಿದ್ದುದು ಕಣ್ಣಿಗೆ ಬಿತ್ತು. ‘ನಾವು’ ಎಂಬ ಪದ 19 ಕಡೆ ಇತ್ತು. ‘ನಾನು’ ಎಂಬುದು ಎರಡೇ ಕಡೆ. ವ್ಯತ್ಯಾಸದ ಮೂಲವನ್ನು ಪತ್ತೆಹಚ್ಚಿದವಳು ನಾನೇ ಆಗಿದ್ದರೂ ಆ ಉತ್ತರವನ್ನು ಕೇಳಿದ ಯಾರಿಗೂ ಅದು ತಿಳಿಯುವಂತಿರಲಿಲ್ಲ. ತಂಡದ ಶ್ರಮವನ್ನು ಹಂಚಿಕೊಂಡು ಹೇಳುವುದು ಸೌಜನ್ಯವೆಂದು ನಾನು ಬೆಳೆದು ಬಂದಿದ್ದೆ, ಈಗಲೂ ಅದನ್ನು ತಪ್ಪೆನ್ನುವುದಿಲ್ಲ. ಆದರೆ ಎದುರಿಗೆ ಕುಳಿತವರು ನೇಮಿಸಿಕೊಳ್ಳಬೇಕಾದದ್ದು ತಂಡವನ್ನಲ್ಲ, ನನ್ನನ್ನು. ಸನ್ನಿವೇಶ, ಹೊಣೆ, ಕ್ರಮ, ಫಲ ಎಂಬ ನಾಲ್ಕು ಮೆಟ್ಟಿಲುಗಳ ‘ಸ್ಟಾರ್’ ವಿಧಾನವನ್ನು ಅದಕ್ಕೂ ಮೊದಲು ಹಲವು ಬಾರಿ ಓದಿದ್ದೆ. ಮೊದಲ ಎರಡನ್ನು ಅರ್ಧ ನಿಮಿಷದಲ್ಲಿ ಮುಗಿಸಿ ಮೂರನೆಯದಕ್ಕೆ ಹೆಚ್ಚು ಸಮಯ ಕೊಡಬೇಕೆಂಬುದು ಮಾತ್ರ ನನ್ನ ಮಾತನ್ನೇ ಅಕ್ಷರದಲ್ಲಿ ಕಂಡ ಮೇಲೆ ಮನಸ್ಸಿಗೆ ಇಳಿಯಿತು.

ಅಂದಿನಿಂದ ಉತ್ತರಗಳನ್ನು ಬರೆದಿಟ್ಟು ಓದುವುದನ್ನು ಬಿಟ್ಟು, ಕಾಗದವನ್ನು ಮುಚ್ಚಿಟ್ಟು ಹೇಳುವುದನ್ನು ರೂಢಿಸಿಕೊಂಡೆ. ಇದಕ್ಕೆ ಕಲಿಕೆಯ ಮನೋವಿಜ್ಞಾನದ ಆಧಾರವೂ ಇದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ವಾರದ ನಂತರ ಅದರ ಸುಮಾರು ಶೇ. 40ರಷ್ಟನ್ನು ನೆನಪಿಸಿಕೊಂಡರೆ, ಒಮ್ಮೆ ಓದಿ ಮೂರು ಬಾರಿ ನೆನಪಿನಿಂದ ಬರೆದವರು ಶೇ. 61ರಷ್ಟನ್ನು ನೆನಪಿಸಿಕೊಂಡರು. ಐದೇ ನಿಮಿಷದ ನಂತರ ಪರೀಕ್ಷಿಸಿದಾಗ ಮಾತ್ರ ಓದಿದವರೇ ಮುಂದಿದ್ದರು. ಸಂದರ್ಶನದ ಹಿಂದಿನ ರಾತ್ರಿ ಓದಿದ್ದೆಲ್ಲ ನೆನಪಿದೆ ಎನ್ನಿಸುವುದಕ್ಕೂ ಮರುದಿನ ನಾಲಿಗೆಗೆ ಬಾರದಿರುವುದಕ್ಕೂ ಇದರಲ್ಲಿ ಒಂದಿಷ್ಟು ಉತ್ತರವಿದೆ ಎಂದು ನನ್ನ ನಂಬಿಕೆ.

ಸೇವೆಯ ಪ್ರಶ್ನೆಗಳು ಬಹುಪಾಲು ಗೊತ್ತುಪಡಿಸಿದ ಕ್ರಮದವು, ಅಂದರೆ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಗಳನ್ನು ಕೇಳಿ ಒಂದೇ ಅಳತೆಗೋಲಿನಿಂದ ಅಳೆಯುವ ಮಾದರಿಯವು. ಆರಂಭದಲ್ಲಿ ಇದು ನನಗೆ ಯಾಂತ್ರಿಕವೆನಿಸಿ ಬೇಸರ ತಂದಿತ್ತು. ಆದರೆ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮುಂದಿನ ಕಾರ್ಯಕ್ಷಮತೆಯೊಂದಿಗೆ ಇಂಥ ಸಂದರ್ಶನದ ಸಹಸಂಬಂಧ (0 ಎಂದರೆ ನಂಟಿಲ್ಲ, 1 ಎಂದರೆ ಪೂರ್ಣ ನಂಟು) 0.51 ಇದ್ದರೆ, ಮನಬಂದಂತೆ ಸಾಗುವ ಸಂದರ್ಶನದ್ದು 0.38 ಇತ್ತು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಮಾಡಿದ ಮರುಲೆಕ್ಕದಲ್ಲಿ ಎರಡೂ ಇಳಿದು 0.42 ಮತ್ತು 0.19 ಆದವು, ಅಂತರ ಮಾತ್ರ ಹಿಗ್ಗಿತು. ಹಾಗಾಗಿ ಇದೇ ಮಾದರಿಯಲ್ಲಿ ಅಭ್ಯಾಸ ಮಾಡಿದ್ದು ವ್ಯರ್ಥವಲ್ಲ ಎಂದು ಈಗ ಅನ್ನಿಸುತ್ತದೆ. ನಾನು ಎದುರಿಸಿದ 6 ನಿಜ ಸಂದರ್ಶನಗಳ ಪೈಕಿ 4 ಇದೇ ರೀತಿ ನಡೆದವು.

ಇನ್ನು ಯಂತ್ರದ ಅಂಕದ ವಿಚಾರ. ಇದರ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಅದನ್ನು ನೋಡಬೇಡಿ. ಎರಡನೆಯ ತಿಂಗಳಲ್ಲಿ ಒಂದೇ ಉತ್ತರವನ್ನು ಬಹುತೇಕ ಅದೇ ಮಾತುಗಳಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ದೀಪದ ಬೆಳಕಿನಲ್ಲಿ ಒಮ್ಮೆ ಹೇಳಿದಾಗ ‘ಆತ್ಮವಿಶ್ವಾಸ’ದ ಅಂಕ 81ರಿಂದ 64ಕ್ಕೆ ಇಳಿಯಿತು. ಆ ಸಂಖ್ಯೆಯನ್ನು ಏರಿಸಲು ನಾನು ಮೂರು ವಾರ ನಗುಮುಖದ ಅಭ್ಯಾಸ ಮಾಡಿದೆ, ಅಷ್ಟು ದಿನ ಉತ್ತರಗಳ ತಿರುಳನ್ನು ಮುಟ್ಟಲೇ ಇಲ್ಲ. ಆ ಮೂರು ವಾರಗಳ ಬಗ್ಗೆ ನನಗೆ ಇಂದಿಗೂ ನೋವಿದೆ. ವಿಡಿಯೊ ಸಂದರ್ಶನಗಳನ್ನು ನಡೆಸಿಕೊಡುವ ಹೈರ್‌ವ್ಯೂ ಸಂಸ್ಥೆಯೇ ಮುಖಭಾವ ವಿಶ್ಲೇಷಣೆಯನ್ನು ಕೈಬಿಟ್ಟಿರುವುದಾಗಿ 2021ರ ಜನವರಿಯಲ್ಲಿ ಪ್ರಕಟಿಸಿತ್ತು. ಹೀಗಿರುವಾಗ ಅಭ್ಯಾಸದ ಸೇವೆಯೊಂದು ಅಭ್ಯರ್ಥಿಗಳ ಮುಖಕ್ಕೆ ಅಂಕ ಹಾಕುವುದು ಅವರ ಆತಂಕವನ್ನು ಹೆಚ್ಚಿಸುತ್ತದೆಯೇ ಹೊರತು ಬೇರೇನನ್ನೂ ಮಾಡುವುದಿಲ್ಲ. ಮಾತಿನ ವೇಗವನ್ನೂ ತಡವರಿಕೆಯ ಪದಗಳನ್ನೂ ಎಣಿಸಿಕೊಡುವ ಭಾಗ ಮಾತ್ರ ಉಪಯುಕ್ತ, ಏಕೆಂದರೆ ಅದು ಎಣಿಕೆ, ತೀರ್ಪಲ್ಲ.

ರೆಸ್ಯೂಮೆ ಪರಿಶೀಲನೆಯಿಂದ ಒಂದು ಪ್ರಯೋಜನವಾಯಿತು. ಅರ್ಜಿಗಳನ್ನು ಮೊದಲು ಓದುವ ತಂತ್ರಾಂಶಗಳು ಎರಡು ಅಂಕಣಗಳ ವಿನ್ಯಾಸವನ್ನೂ ಚಿತ್ರದೊಳಗಿನ ಅಕ್ಷರಗಳನ್ನೂ ಹಲವು ಬಾರಿ ತಪ್ಪಾಗಿ ಓದುತ್ತವೆ. ನನ್ನ ದೂರವಾಣಿ ಸಂಖ್ಯೆ ಅಂಥದೊಂದು ಚಿತ್ರದೊಳಗೇ ಇತ್ತು. ಅದನ್ನು ಸರಿಪಡಿಸಿಕೊಂಡ ಮೇಲೆ ಆ ಭಾಗಕ್ಕೆ ನಾನು ಮತ್ತೆ ಹೋಗಿಲ್ಲ.

ಮನುಷ್ಯರೊಂದಿಗಿನ ಅರ್ಧ ಗಂಟೆಯ ಮಾತುಕತೆಯೇ ಈ ಚಂದಾದ ನಿಜವಾದ ಮೌಲ್ಯ. ದಾಸ್ತಾನಿನ ಅದೇ ಕಥೆಯನ್ನು, ಆ ಹೊತ್ತಿಗೆ ಚೆನ್ನಾಗಿ ಪಳಗಿದ್ದ ರೂಪದಲ್ಲಿ ಹೇಳಿ ಮುಗಿಸಿದಾಗ, ನಿವೃತ್ತ ವ್ಯವಸ್ಥಾಪಕರಾಗಿದ್ದ ಸಂದರ್ಶಕರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿಯಮ್ಮ, ನಿಮ್ಮ ಲೆಕ್ಕವೇ ತಪ್ಪಾಗಿರಬಹುದು ಎಂದು ಯಾವಾಗ ಅನುಮಾನ ಬಂತು?” ಎಂದು ಕೇಳಿದರು. ಯಂತ್ರ ಇಂಥ ಮರುಪ್ರಶ್ನೆಯನ್ನು 14 ತಿಂಗಳಲ್ಲಿ ಒಮ್ಮೆಯೂ ಕೇಳಿಲ್ಲ. ನನ್ನಲ್ಲಿ ಉತ್ತರವಿರಲಿಲ್ಲ, ಹಾಗೆಂದೇ ಹೇಳಿದೆ. ಆಮೇಲೆ ಹಳೆಯ ಟಿಪ್ಪಣಿಗಳನ್ನು ತೆರೆದು, ಎರಡನೆಯ ದಿನವೇ ಒಂದು ಪುಟವನ್ನು ಎರಡು ಬಾರಿ ಎಣಿಸಿದ್ದೆನೆಂಬುದನ್ನು ಕಂಡುಕೊಂಡೆ. ಮುಂದೆ ನಿಜ ಸಂದರ್ಶನದಲ್ಲಿ ಆ ತಪ್ಪನ್ನೂ ಸೇರಿಸಿಯೇ ಕಥೆ ಹೇಳಿದೆ. ಆಯ್ಕೆ ಸಮಿತಿಯವರು ಬಹಳ ಹೊತ್ತು ಅದರ ಮೇಲೆಯೇ ಪ್ರಶ್ನೆಗಳನ್ನು ಕೇಳಿದರು, ಕೆಲಸ ಸಿಕ್ಕಿದ್ದು ಅಲ್ಲಿಯೇ.

ಒಂದು ದೂರು ಉಳಿದಿದೆ. ಮುದ್ರಣಗಳನ್ನು ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಲು ಈ ಸೇವೆ ಅವಕಾಶ ಕೊಡುವುದಿಲ್ಲ. ಚಂದಾ ನಿಂತ 30 ದಿನಗಳಲ್ಲಿ ಅವು ಅಳಿದುಹೋಗುತ್ತವೆ. ಈ ಬಗ್ಗೆ ಎರಡು ಬಾರಿ ಬರೆದರೂ ಉತ್ತರ ಬಂದಿಲ್ಲ. ಹಾಗಾಗಿ ಮುಂದಿನ ತಿಂಗಳಿಂದ ಮನುಷ್ಯ ಸಂದರ್ಶಕರ ಭಾಗಕ್ಕೆ ಮಾತ್ರ ಚಂದಾ ಉಳಿಸಿಕೊಂಡು, ಉಳಿದ ಅಭ್ಯಾಸವನ್ನು ಫೋನಿನ ಧ್ವನಿಮುದ್ರಕದಲ್ಲೇ ಮಾಡುತ್ತೇನೆ.