ಜಾತ್ರೆ ಮುಗಿದ ಮೇಲೆ ತೇರು ನೋಡಿದವನ ಅನಿಮೆ ಲೆಕ್ಕ

ಕರಡಚ್ಚು ತಿದ್ದುವುದು ನನ್ನ ಕೆಲಸ. ಇಪ್ಪತ್ತಾರು ವರ್ಷ ಬೇರೆಯವರ ಬರಹದಲ್ಲಿ ಬಿಟ್ಟುಹೋದ ಕೊಂಬು, ದೀರ್ಘ, ಒತ್ತುಗಳನ್ನು ಹುಡುಕಿದ ಮೇಲೆ ಯಾವುದನ್ನೂ ಸುಮ್ಮನೆ ಓದುವ, ಸುಮ್ಮನೆ ನೋಡುವ ಭಾಗ್ಯ ಉಳಿಯುವುದಿಲ್ಲ. ಅಂಥವನು ಒಂದು ದಿನ ಮನೆಮಂದಿಯ ಮುಂದೆ "ಅನಿಮೆ ಎಂದರೆ ದೊಡ್ಡ ಕಣ್ಣಿನ ಕಾರ್ಟೂನು, ಅಷ್ಟೇ" ಎಂದುಬಿಟ್ಟೆ. ಅಣ್ಣನ ಮಗಳು ಜಗಳಕ್ಕೆ ಬರಲಿಲ್ಲ. ಏಳು ಸರಣಿಗಳ ಪಟ್ಟಿ ಬರೆದು ಕೈಗಿಟ್ಟು, "ಚಿಕ್ಕಪ್ಪ, ಇವನ್ನು ನೋಡಿ ಮುಗಿಸಿ. ಆಮೇಲೆ ನೀವು ಎಷ್ಟು ಬೈದರೂ ಕೇಳುತ್ತೇನೆ" ಎಂದಳು. ಹದಿನಾಲ್ಕು ತಿಂಗಳಲ್ಲಿ ಆರುನೂರಕ್ಕೂ ಹೆಚ್ಚು ಕಂತು ನೋಡಿದ್ದೇನೆ. ಬೈಯುವ ಹಕ್ಕು ಈಗ ನನ್ನದು.

ಒಂದು ಮಾತನ್ನು ಮೊದಲೇ ಹೇಳಬೇಕು. ಈ ಸರಣಿಗಳೆಲ್ಲ ಜಪಾನಿನಲ್ಲಿ ವಾರಕ್ಕೊಂದು ಕಂತಿನಂತೆ ಬಂದವು. ಏಳು ದಿನ ಕಾದವರು, ಕಾಯುತ್ತ ಊಹಿಸಿದವರು, ಊಹಿಸುತ್ತ ಕಚ್ಚಾಡಿದವರು ಸೇರಿ ಎಬ್ಬಿಸಿದ ಗದ್ದಲಕ್ಕೇ ನಾವು ಅಬ್ಬರ ಎನ್ನುವುದು. ನಾನಾದರೋ ಜಾತ್ರೆ ಮುಗಿದ ಮೇಲೆ ತೇರು ನೋಡಲು ಹೋದವನು. ಎಳೆಯುವ ಜನ, ಊದುವ ವಾದ್ಯ ಯಾವುದೂ ಇಲ್ಲ. ಬರಿಯ ಮರದ ಕೆತ್ತನೆ ಕಣ್ಣಿಗೆ ಹಿಡಿಸುತ್ತದೆಯೇ ಎಂಬುದಷ್ಟೇ ನನ್ನ ಪರೀಕ್ಷೆ. ಅನ್ಯಾಯ ಎನ್ನುವವರು ಎನ್ನಬಹುದು. ನಮ್ಮಲ್ಲಿ ಬಹುಪಾಲು ಜನ ಹೀಗೇ ತಡವಾಗಿ, ಒಬ್ಬಂಟಿಯಾಗಿ ನೋಡುವವರಲ್ಲವೇ?

ಪಟ್ಟಿಯ ಮೊದಲ ಹೆಸರು ಡೆತ್ ನೋಟ್. 2006ರ ಸರಣಿ, 37 ಕಂತು, ಮ್ಯಾಡ್‌ಹೌಸ್ ಸ್ಟುಡಿಯೊದ್ದು. ಹೆಸರು ಬರೆದರೆ ಆ ಹೆಸರಿನವನು ಸಾಯುವ ಪುಸ್ತಕವೊಂದು ಜಾಣ ವಿದ್ಯಾರ್ಥಿಯ ಕೈಗೆ ಸಿಗುತ್ತದೆ. ಹೆಸರಿನ ಕಾಗುಣಿತ ತಪ್ಪಿದರೆ ಕೆಲಸ ಕೆಡುತ್ತದೆ ಎಂಬ ನಿಯಮ ಕೇಳಿದೊಡನೆ ಇದು ನನ್ನ ಜಾತಿಯವರಿಗಾಗಿಯೇ ಬರೆದ ಕಥೆ ಅನ್ನಿಸಿತು. ಲೈಟ್ ಎಂಬ ಆ ಹುಡುಗನಿಗೂ ಎಲ್ ಎಂಬ ಪತ್ತೇದಾರನಿಗೂ ನಡೆಯುವ ಜಗ್ಗಾಟದಲ್ಲಿ ನಡೆಯೆಲ್ಲ ತಲೆಯೊಳಗೇ. ಕೋಣೆಯ ತುಂಬ ಕ್ಯಾಮೆರಾಗಳಿರುವಾಗ ಲೈಟ್ ಆಲೂಗಡ್ಡೆ ಚಿಪ್ಸ್ ಪೊಟ್ಟಣದೊಳಗೆ ಪುಟ್ಟ ಟಿವಿ ಬಚ್ಚಿಟ್ಟುಕೊಂಡು, ಒಂದು ಕೈಯಲ್ಲಿ ಪಾಠ, ಇನ್ನೊಂದರಲ್ಲಿ ಸಾವು ಬರೆಯುತ್ತಾನೆ. ಚಿಪ್ಸ್ ಎತ್ತಿ ಬಾಯಿಗಿಡುವುದಕ್ಕೆ ಯುದ್ಧಕ್ಕೆ ಹೊರಟಂಥ ಸಂಗೀತ! ನಕ್ಕೆ, ಆದರೆ ಕಣ್ಣು ಕೀಳಲಾಗಲಿಲ್ಲ. 25ನೇ ಕಂತಿನವರೆಗೆ ಹೊಗಳಿಕೆಯಲ್ಲಿ ಒಂದು ಅಕ್ಷರವೂ ಹೆಚ್ಚಿಲ್ಲ. ಅಲ್ಲೊಂದು ಘಟನೆ ನಡೆಯುತ್ತದೆ. ಅದಾದ ಬಳಿಕ ಮಾಂಗಾದ, ಅಂದರೆ ಸರಣಿಗೆ ಮೂಲವಾದ ಜಪಾನಿ ಚಿತ್ರಕಥೆಯ, ಹತ್ತಿರ ಹತ್ತಿರ ಅರ್ಧ ಭಾಗವನ್ನು ಹನ್ನೆರಡು ಕಂತುಗಳಿಗೆ ತುರುಕಿದ್ದಾರೆ. ಎಲ್‌ನ ಜಾಗಕ್ಕೆ ಬಂದವರ ಮುಖ ನೆನಪಿಗೆ ಬರುತ್ತದೆ, ಮಾತು ಬರುವುದಿಲ್ಲ. ನೋಡಲೇಬೇಕು. ಕೊನೆಯ ಮೂರನೆಯ ಒಂದು ಪಾಲಿಗೆ ತಾಳ್ಮೆ ಬೇಕು.

ಅಟ್ಯಾಕ್ ಆನ್ ಟೈಟನ್ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಏಕೆಂದರೆ ನನ್ನ ಅಂದಾಜು ಪೂರ್ತಿ ತಲೆಕೆಳಗಾದದ್ದು ಇಲ್ಲಿಯೇ. ಮೊದಲ ಸೀಸನ್ 2013ರದು. ಐವತ್ತು ಮೀಟರ್ ಗೋಡೆಯೊಳಗೆ ನೂರು ವರ್ಷದಿಂದ ಬದುಕುತ್ತಿರುವ ಜನ, ಹೊರಗೆ ಮನುಷ್ಯರನ್ನು ನುಂಗುವ ಬೆತ್ತಲೆ ದೈತ್ಯರು. ಒಂದು ದಿನ ಗೋಡೆಗಿಂತ ಎತ್ತರದ ದೈತ್ಯನೊಬ್ಬನ ಮುಖ ಆಚೆಯಿಂದ ಇಣುಕುತ್ತದೆ. ಇದನ್ನೇ ಎಲ್ಲರೂ ಹಾಡಿ ಹೊಗಳುತ್ತಾರೆ. ನನಗೆ ಮೊದಲ ಸೀಸನ್ನಿನ 25 ಕಂತುಗಳು ಕಿರುಚಾಟವಾಗಿ ಕಂಡವು. ನಾಯಕ ಏರೆನ್ ಹಲ್ಲು ಕಚ್ಚುತ್ತಾನೆ, ಕೂಗುತ್ತಾನೆ, ಅಳುತ್ತಾನೆ, ಮತ್ತೆ ಕೂಗುತ್ತಾನೆ. ಸೊಂಟಕ್ಕೆ ಕಟ್ಟಿಕೊಂಡ ಯಂತ್ರದ ತಂತಿಗಳಲ್ಲಿ ಸೈನಿಕರು ಕಟ್ಟಡಗಳ ನಡುವೆ ಹಾರುವ ದೃಶ್ಯಗಳು ಮೈ ಜುಮ್ಮೆನ್ನಿಸುತ್ತವೆ, ನಿಜ. ಅದಕ್ಕೆ ಇಷ್ಟು ಗದ್ದಲವೇ ಎಂದು ಪುಸ್ತಕದ ಅಂಚಿನಲ್ಲಿ ಪ್ರಶ್ನೆಚಿಹ್ನೆ ಹಾಕಿಕೊಂಡೆ.

ಎರಡನೆಯ ಸೀಸನ್ನಿನ ನಡುವೆ ಒಂದು ದೃಶ್ಯವಿದೆ. ಇಡೀ ಕಥೆಯನ್ನು ಮಗುಚಿಹಾಕುವ ಗುಟ್ಟೊಂದನ್ನು ಒಬ್ಬ ಸೈನಿಕ ಗೋಡೆಯ ಮೇಲೆ ನಿಂತು, ಮಳೆ ಬರುವ ಹಾಗಿದೆ ಎನ್ನುವ ದನಿಯಲ್ಲಿ ಹೇಳಿಬಿಡುತ್ತಾನೆ. ಸಂಗೀತವಿಲ್ಲ, ಮುಖದ ಸಮೀಪಚಿತ್ರವಿಲ್ಲ. ದೃಶ್ಯದ ಮುಂಭಾಗದಲ್ಲಿ ಬೇರೆ ಯಾರದೋ ಬೇರೆ ಮಾತು ಸಾಗಿದೆ. ನಾನು ಸಬ್‌ಟೈಟಲ್ ತಪ್ಪಾಗಿದೆ ಎಂದುಕೊಂಡು ಹಿಂದಕ್ಕೆ ಹೋಗಿ ಮೂರು ಸಲ ಓದಿದೆ. ತಪ್ಪಾಗಿರಲಿಲ್ಲ. ಅಷ್ಟು ಹೊತ್ತು ಕಿರುಚಿದ ಸರಣಿ ಎಲ್ಲಿ ಪಿಸುಗುಟ್ಟಬೇಕೆಂದೂ ಬಲ್ಲದು ಎಂದು ಅಂದು ತಿಳಿಯಿತು. ಆ ರಾತ್ರಿಯೇ ಪ್ರಶ್ನೆಚಿಹ್ನೆ ಅಳಿಸಿದೆ. ಏರೆನ್‌ಗೆ ಅಪ್ಪ ಕೊಟ್ಟ ಕೀಲಿ ತೆರೆಯುವ ನೆಲಮಾಳಿಗೆಯಲ್ಲಿ ಏನಿದೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಟಿವಿಯಲ್ಲಿ ನೋಡಿದವರು 2019ರವರೆಗೆ, ಅಂದರೆ ಆರು ವರ್ಷ ಕಾದಿದ್ದಾರೆ. ನನಗೆ ಐದು ವಾರಗಳಲ್ಲಿ ಸಿಕ್ಕಿತು. ಉತ್ತರ ಅಷ್ಟು ಕಾಯುವುದಕ್ಕೂ ಯೋಗ್ಯವಾಗಿತ್ತು ಎನ್ನುವೆ. ಅದುವರೆಗೆ ದೈತ್ಯರ ಕಥೆ ಎಂದುಕೊಂಡದ್ದು ಮನುಷ್ಯರು ಮನುಷ್ಯರನ್ನು ದ್ವೇಷಿಸುವ ಕಥೆಯಾಗಿ ತಿರುಗಿಬಿಡುತ್ತದೆ.

"ಅಂತಿಮ ಸೀಸನ್" ಎಂದು ಹೆಸರಿಟ್ಟದ್ದು 2020ರ ಡಿಸೆಂಬರಿನಲ್ಲಿ ಶುರುವಾಗಿ, ತುಂಡುತುಂಡಾಗಿ ಬಂದು, 2023ರ ನವೆಂಬರಿನಲ್ಲಿ ಮುಗಿಯಿತು. ನನ್ನ ಮೇಜಿಗೆ ಬಂದಿದ್ದರೆ "ಅಂತಿಮ" ಎಂಬ ಪದಕ್ಕೆ ಕೆಂಪು ಶಾಯಿಯ ಗೆರೆ ಖಂಡಿತ ಬೀಳುತ್ತಿತ್ತು. ಅಷ್ಟು ಹೊತ್ತಿಗೆ ಸ್ಟುಡಿಯೊವೂ ಬದಲಾಗಿತ್ತು: ಮೊದಲ ಮೂರು ಸೀಸನ್ ವಿಟ್ ಸ್ಟುಡಿಯೊದ್ದು, ಕೊನೆಯದು ಮಾಪ್ಪಾದ್ದು. ಗೆರೆಗಳ ವ್ಯತ್ಯಾಸ ಎರಡು ಕಂತಿನ ಮಟ್ಟಿಗೆ ಚುಚ್ಚುತ್ತದೆ, ಆಮೇಲೆ ಮರೆತುಹೋಗುತ್ತದೆ. ಮುಕ್ತಾಯದ ಬಗ್ಗೆ ಅಭಿಮಾನಿಗಳು ಇಂದಿಗೂ ಎರಡು ಬಣ. ಮಾಂಗಾದ ಲೇಖಕ ಹಾಜಿಮೆ ಇಸಾಯಾಮಾ ಅನಿಮೆಗಾಗಿ ಇಬ್ಬರು ಗೆಳೆಯರ ಕೊನೆಯ ಸಂಭಾಷಣೆಯನ್ನು ತಾವೇ ತಿದ್ದಿದರು. ತನ್ನ ಅಚ್ಚಾದ ಬರಹವನ್ನು ತಾನೇ ತಿದ್ದುವ ಲೇಖಕನ ಮೇಲೆ ನನಗೆ ವೃತ್ತಿಸಹಜ ಪ್ರೀತಿ. ಆದ್ದರಿಂದ ನನ್ನ ತೀರ್ಪು ಪಕ್ಷಪಾತದ್ದೆಂದೇ ತಿಳಿಯಿರಿ: ಹೊಗಳಿಕೆ ಸರಿ, ಅದು ಬಿದ್ದದ್ದು ಮಾತ್ರ ತಪ್ಪು ಜಾಗದ ಮೇಲೆ.

ಡೀಮನ್ ಸ್ಲೇಯರ್ ವಿಷಯಕ್ಕೆ ಅಣ್ಣನ ಮಗಳಿಗೂ ನನಗೂ ಮಾತು ನಿಲ್ಲುವಷ್ಟು ಜಗಳವಾಯಿತು. "19ನೇ ಕಂತಿನವರೆಗೆ ತಡೆದುಕೊಳ್ಳಿ ಚಿಕ್ಕಪ್ಪ" ಎಂದಿದ್ದಳು. ತಡೆದುಕೊಂಡೆ. ಯುಫೊಟೇಬಲ್ ಸ್ಟುಡಿಯೊದವರ ಚಿತ್ರಕಲೆಗೆ ಕೈಮುಗಿಯಬೇಕು. ರಾಕ್ಷಸರನ್ನು ಬೇಟೆಯಾಡುವ ನಾಯಕ ತಾಂಜಿರೊ ಕತ್ತಿ ಬೀಸಿದಾಗ ಏಳುವ ನೀರಿನಲ್ಲಿ ಹಳೆಯ ಜಪಾನಿ ಮರದಚ್ಚಿನ ಚಿತ್ರಗಳ ಅಲೆಯ ದಪ್ಪ ಗೆರೆ ಇದೆ. 19ನೇ ಕಂತಿನ ಕೊನೆಯಲ್ಲಿ ಆ ನೀರು ಬೆಂಕಿಯಾಗಿ, ಕಾಳಗದ ನಡುವೆಯೇ ಹಾಡು ಎದ್ದಾಗ ನಾನೂ ಕುರ್ಚಿಯ ತುದಿಗೆ ಬಂದಿದ್ದೆ. 2019ರಲ್ಲಿ ಜನ ಹುಚ್ಚೆದ್ದದ್ದು ಏಕೆಂದು ಆಗ ತಿಳಿಯಿತು. ಮರುವರ್ಷ ಬಂದ ಮುಗೆನ್ ರೈಲಿನ ಸಿನಿಮಾ ಜಪಾನಿನ ಗಳಿಕೆಯ ಹಳೆಯ ದಾಖಲೆಗಳನ್ನೆಲ್ಲ ಮುರಿದು 4,000 ಕೋಟಿ ಯೆನ್ ದಾಟಿತು.

ಆದರೆ ಉಳಿದ ಕಂತುಗಳು? ತಾಂಜಿರೊಗೆ ಒಂದು ಕಾಯಿಲೆ ಇದೆ. ನಮ್ಮ ಕಣ್ಣೆದುರೇ ಕಾಣುತ್ತಿರುವುದನ್ನು ಅವನು ಬಾಯಿಬಿಟ್ಟು ಹೇಳುತ್ತಾನೆ. ಕತ್ತಿ ಮುರಿದರೆ ಕತ್ತಿ ಮುರಿಯಿತೆನ್ನುತ್ತಾನೆ, ಉಸಿರು ಕಟ್ಟಿದರೆ ಉಸಿರು ಕಟ್ಟುತ್ತಿದೆ ಎನ್ನುತ್ತಾನೆ, ವೈರಿ ಬಲಶಾಲಿ ಎಂಬುದನ್ನು ಒಂದು ಕಾಳಗದಲ್ಲಿ ನಾಲ್ಕು ಬಾರಿ ನೆನಪಿಸುತ್ತಾನೆ. ಪುನರುಕ್ತಿಗೆ ನಾವು ಅಂಚಿನಲ್ಲಿ ಒಂದು ಸುರುಳಿ ಎಳೆಯುತ್ತೇವೆ. ಈ ಸರಣಿಗೆ ಸುರುಳಿ ಎಳೆಯುತ್ತ ಹೋಗಿದ್ದರೆ ಪೆನ್ನಿನ ಶಾಯಿ ತೀರುತ್ತಿತ್ತು. ಅವನ ಜೊತೆಗಾರ ಜೆನಿತ್ಸುವಿನ ಅರಚಾಟದ ಬಗ್ಗೆ ಮಾತೇ ಬೇಡ. ಒಂದು ಗುಣ ಮಾತ್ರ ನನ್ನನ್ನು ಹಿಡಿದಿಟ್ಟಿತು. ತಾನೇ ಕೊಂದ ರಾಕ್ಷಸನ ಕೈಯನ್ನು ಅದು ಬೂದಿಯಾಗುವವರೆಗೆ ಹಿಡಿದುಕೊಂಡು ಕೂರುವ ನಾಯಕ ಇವನು. ನಾನು ಹತ್ತಕ್ಕೆ ಆರು ಕೊಟ್ಟೆ. ಅವಳು ಒಂಬತ್ತೂವರೆ ಎಂದಳು. ನಾಲ್ಕು ದಿನ ಫೋನ್ ಬರಲಿಲ್ಲ.

ಸೋಲೊ ಲೆವೆಲಿಂಗ್ ಬಗ್ಗೆ ನಾಲ್ಕು ಸಾಲು ಸಾಕು. ಕೊರಿಯಾದ ಕಾದಂಬರಿ ಆಧರಿಸಿ 2024ರಲ್ಲಿ ಬಂದದ್ದು, ಮರುವರ್ಷ ಕ್ರಂಚಿರೋಲ್ ಎಂಬ ಅನಿಮೆ ಸ್ಟ್ರೀಮಿಂಗ್ ಸಂಸ್ಥೆಯ ವರ್ಷದ ಅನಿಮೆ ಪ್ರಶಸ್ತಿಯನ್ನೂ ಪಡೆದದ್ದು. ಮೊದಲೆರಡು ಕಂತುಗಳಲ್ಲಿ ನಗುವ ಕಲ್ಲಿನ ವಿಗ್ರಹದ ಮುಂದೆ ದುರ್ಬಲ ನಾಯಕ ನಡುಗುವಾಗ ನಾನೂ ನಡುಗಿದೆ. ಅಲ್ಲಿಂದಾಚೆ ಅವನು ಬಲಿಷ್ಠನಾಗುತ್ತಾನೆ, ಇನ್ನೂ ಬಲಿಷ್ಠನಾಗುತ್ತಾನೆ, ಮತ್ತೂ ಬಲಿಷ್ಠನಾಗುತ್ತಾನೆ.

ಒನ್ ಪೀಸ್ ಎಂಬ ಕಡಲ್ಗಳ್ಳರ ಕಥೆ 1999ರ ಅಕ್ಟೋಬರಿನಿಂದ ನಡೆಯುತ್ತಿದೆ. ಕಂತುಗಳ ಸಂಖ್ಯೆ ಸಾವಿರದ ನೂರು ದಾಟಿದೆ. ಇಷ್ಟು ಉದ್ದವೇಕೆ ಎಂದು ಕೇಳಿದರೆ ಉತ್ತರ ಕಥೆಯಲ್ಲಿಲ್ಲ, ಟಿವಿಯ ವೇಳಾಪಟ್ಟಿಯಲ್ಲಿದೆ. ಮಾಂಗಾ ವಾರಕ್ಕೆ ಇಪ್ಪತ್ತು ಪುಟದಷ್ಟು ಬರುತ್ತದೆ, ಅನಿಮೆ ಅದನ್ನು ಆರಾಮವಾಗಿ ತಿಂದುಹಾಕಬಲ್ಲದು. ಹಿಂದಿಕ್ಕಿದರೆ ಮುಂದೆ ಹೇಳಲು ಕಥೆಯೇ ಇರುವುದಿಲ್ಲ. ಇದಕ್ಕೆ ನರುಟೊ ಎಂಬ ಇನ್ನೊಂದು ಉದ್ದದ ಸರಣಿ ಕಂಡುಕೊಂಡ ಉಪಾಯ ಫಿಲ್ಲರ್, ಅಂದರೆ ಮೂಲದಲ್ಲಿಲ್ಲದ ಹೊಟ್ಟು ಕಥೆಗಳು. ಮೊದಲ ನರುಟೊ ಸರಣಿಯ 220 ಕಂತುಗಳಲ್ಲಿ ಕೊನೆಯ ಎಂಬತ್ತರಷ್ಟು ಬಹುಮಟ್ಟಿಗೆ ಅದೇ. ಒನ್ ಪೀಸ್ ಮಾಡಿದ್ದು ಎಳೆಯುವುದನ್ನು. ಹಿಂದಿನ ವಾರದ ಕಥೆಯನ್ನು ಮತ್ತೆ ತೋರಿಸು, ಒಬ್ಬ ಗುದ್ದಿದರೆ ಹತ್ತು ಜನರ ಬೆರಗಿನ ಮುಖ ತೋರಿಸು. ಡ್ರೆಸ್‌ರೋಸಾ ಎಂಬ ಒಂದೇ ಊರಿನ ಕಥೆ ನೂರು ಕಂತಿಗೂ ಮೀರಿ ಹರಿದಿದೆಯಂತೆ. ಅಷ್ಟು ದೂರ ನಾನು ಹೋಗಿಲ್ಲ.

ಹೋಗಿಲ್ಲ ಎಂದರೆ, ಇನ್ನೂ ಹೋಗಿಲ್ಲ. 37ನೇ ಕಂತಿನಲ್ಲಿ ಯಾರ ಬಳಿಯೂ ಕೈಚಾಚದ ನಾಮಿ ಮೊದಲ ಬಾರಿಗೆ ನೆರವು ಕೇಳುತ್ತಾಳೆ. ಯಾರಿಗೂ ಮುಟ್ಟಲು ಬಿಡದ ತನ್ನ ಹುಲ್ಲಿನ ಟೋಪಿಯನ್ನು ನಾಯಕ ಲುಫಿ ಅವಳ ತಲೆಗಿಟ್ಟು ಹೊರಟುಬಿಡುತ್ತಾನೆ. ಅಲ್ಲಿಗೆ ನಿಲ್ಲಿಸಬೇಕೆಂದಿದ್ದೆ, ಆಗಲಿಲ್ಲ. 312ನೇ ಕಂತಿನಲ್ಲಿ ಲುಫಿಯ ತಂಡ ತಮ್ಮ ಮುರುಕು ಹಡಗಿಗೆ ಬೆಂಕಿ ಕೊಟ್ಟು ಬೀಳ್ಕೊಡುವಾಗ ಐವತ್ತೆರಡು ವಯಸ್ಸಿನ ನಾನು ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ಮರದ ಹಡಗು, ಅದೂ ಚಿತ್ರದ್ದು! ಇಲ್ಲೊಂದು ಇಕ್ಕಟ್ಟಿದೆ. ಆ ಹಡಗಿನೊಡನೆ ಮುನ್ನೂರು ಕಂತು ಕಳೆಯದೆ ಇದ್ದಿದ್ದರೆ ಕಣ್ಣೀರು ಬರುತ್ತಿರಲಿಲ್ಲ. ಹಾಗಾದರೆ ಎಳೆದದ್ದು ದೋಷವೋ ಗುಣವೋ? ದೋಷ ಎಂದೇ ನನ್ನ ಮತ. ಆದರೂ ಬಿಡುವಿರುವವರು ಹತ್ತು ಕಂತು ನೋಡಿ ಬಿಡದೆ ನಲವತ್ತಾದರೂ ನೋಡಿ.

ಮಾಂಗಾವನ್ನು ಹಿಂದಿಕ್ಕುವ ಭಯಕ್ಕೆ ಮೂರನೆಯ ಮದ್ದೂ ಇದೆ: ಸ್ವಂತ ಕಥೆ ಹೆಣೆದುಬಿಡುವುದು. 2003ರ ಫುಲ್‌ಮೆಟಲ್ ಆಲ್ಕೆಮಿಸ್ಟ್ ಹಾಗೆ ಮಾಡಿತು. ಅದೇ ಬೋನ್ಸ್ ಸ್ಟುಡಿಯೊ 2009ರಲ್ಲಿ ಬ್ರದರ್‌ಹುಡ್ ಎಂಬ ಹೆಸರಿನಲ್ಲಿ ಮತ್ತೆ ಮೊದಲಿನಿಂದ, ಈ ಬಾರಿ ಹಿರೊಮು ಅರಾಕಾವಾ ಅವರ ಮಾಂಗಾದ ಬೆನ್ನುಹಿಡಿದು ಹೇಳಿತು. ಮಾಂಗಾ, ಬ್ರದರ್‌ಹುಡ್ ಎರಡೂ 2010ರಲ್ಲಿ ಹೆಚ್ಚುಕಡಿಮೆ ಒಟ್ಟಿಗೆ ಮುಗಿದವು. 64 ಕಂತು, ಹೊಟ್ಟು ಎಂಬುದು ಇಲ್ಲವೇ ಇಲ್ಲ ಎನ್ನಬಹುದು. ಸತ್ತ ತಾಯಿಯನ್ನು ರಸವಿದ್ಯೆಯಿಂದ ಮರಳಿ ತರಲು ಹೋಗಿ ಅಣ್ಣ ಒಂದು ಕೈ, ಒಂದು ಕಾಲು, ತಮ್ಮ ಇಡೀ ದೇಹ ಕಳೆದುಕೊಳ್ಳುತ್ತಾರೆ. ಎಲ್ಲೋ ಒಂದು ಮಾತಿನಲ್ಲಿ ಯುದ್ಧದಲ್ಲಿ ಸತ್ತ ವೈದ್ಯ ದಂಪತಿಯ ವಿಷಯ ಬಂದುಹೋಗುತ್ತದೆ. ಬಹಳ ಕಂತುಗಳ ಬಳಿಕ ಅವರ ಮಗಳು ನಡುಗುವ ಕೈಯಲ್ಲಿ ಬಂದೂಕು ಹಿಡಿದು ನಿಂತಾಗ ಆ ಎಳೆ ಎಲ್ಲಿಂದ ಬಂತೆಂದು ಹೊಳೆದು ಎದೆ ಧಸಕ್ಕೆನ್ನುತ್ತದೆ. ಬಿಟ್ಟ ಎಳೆಗಳನ್ನು ಹುಡುಕುವುದೇ ನನ್ನ ಕಸುಬು, ಇಲ್ಲಿ ಕೈಗೆ ಒಂದೂ ಸಿಗಲಿಲ್ಲ. ಆರಂಭದ ಕಂತುಗಳು ಹಳೆಯ ಸರಣಿ ನೋಡಿದವರಿಗೆಂದು ಓಡುತ್ತವೆ. ಅಣ್ಣ ಎಡ್ವರ್ಡ್‌ನ ಕುಳ್ಳತನದ ಜೋಕುಗಳು ಹತ್ತನೆಯ ಸಲಕ್ಕೆ ಸವೆಯುತ್ತವೆ. ದೂರು ಇಷ್ಟೇ.

ಫ್ರೀರೆನ್ ನೋಡುವ ಮುನ್ನ ಭಯವಿತ್ತು. 2023ರ ಸೆಪ್ಟೆಂಬರಿನಲ್ಲಿ ಮೊದಲ ನಾಲ್ಕು ಕಂತುಗಳನ್ನು ಒಂದೇ ರಾತ್ರಿ ಪ್ರಸಾರ ಮಾಡುವಷ್ಟು ವಾಹಿನಿಯವರಿಗೆ ಅದರ ಮೇಲೆ ನೆಚ್ಚಿಕೆ. ಅಷ್ಟು ನೆಚ್ಚಿದ್ದು ಬಹಳ ಸಲ ಕೈಕೊಡುತ್ತದೆ. ಇದು ಕೊಡಲಿಲ್ಲ. ಹತ್ತು ವರ್ಷದ ಸಾಹಸಯಾತ್ರೆ ಮುಗಿದ ಮೇಲೆ ಕಥೆ ಶುರುವಾಗುತ್ತದೆ. ಸಾವಿರಾರು ವರ್ಷ ಬದುಕುವ ಫ್ರೀರೆನ್ ಎಂಬ ಮಾಂತ್ರಿಕಳಿಗೆ ಆ ಹತ್ತು ವರ್ಷ ಕಣ್ಣೆವೆ ಮುಚ್ಚಿ ತೆರೆದಷ್ಟು. ಜೊತೆಗಾರ ಹಿಮ್ಮೆಲ್ ಮುದುಕನಾಗಿ ಸತ್ತಾಗ ಅವನನ್ನು ಅರಿಯುವ ಗೋಜಿಗೇ ಹೋಗಲಿಲ್ಲವಲ್ಲ ಎಂದು ಅಳುತ್ತಾಳೆ. ಹಿಮ್ಮೆಲ್ ಊರೂರಲ್ಲಿ ತನ್ನ ಪ್ರತಿಮೆ ನಿಲ್ಲಿಸಿಕೊಂಡಿದ್ದ. ಜಂಬ ಎಂದುಕೊಂಡಿದ್ದೆ. ತಾವೆಲ್ಲ ಹೋದ ಮೇಲೆ ಅವಳು ಒಂಟಿಯಾಗಬಾರದೆಂದು ನಿಲ್ಲಿಸಿದ್ದು ಎಂದು ತಿಳಿದ ಕಂತಿನ ನಂತರ ಆ ದಿನ ಇನ್ನೊಂದು ನೋಡಲಿಲ್ಲ. ಮೊದಲ ಸೀಸನ್ನಿನ 28 ಕಂತುಗಳಲ್ಲಿ ಕೊನೆಯ ಹತ್ತರಷ್ಟನ್ನು ಮಾಂತ್ರಿಕರ ಪರೀಕ್ಷೆಗೆ ಕೊಟ್ಟಿರುವುದು ಮಾತ್ರ ನಷ್ಟ. ಅದು ಚೆನ್ನಾಗಿಯೇ ಇದೆ, ಆದರೆ ಅಂಥದ್ದು ಬೇರೆ ಕಡೆಯೂ ಸಿಗುತ್ತದೆ.

2025ರಲ್ಲಿ ಡೀಮನ್ ಸ್ಲೇಯರ್‌ನ ಇನ್ಫಿನಿಟಿ ಕ್ಯಾಸಲ್ ಸಿನಿಮಾ ಬಂದಾಗ ಅಣ್ಣನ ಮಗಳು ಕೇಳದೆಯೇ ಎರಡು ಟಿಕೆಟ್ ತೆಗೆಸಿದ್ದಳು. ಎರಡೂವರೆ ಗಂಟೆ ಮೀರಿದ ಸಿನಿಮಾ. ಕಾಳಗ ಕಾವೇರಿದಾಗಲೇ ಅದನ್ನು ನಿಲ್ಲಿಸಿ ಅಕಾಜಾ ಎಂಬ ರಾಕ್ಷಸನ ಪೂರ್ವಕಥೆ ಹೇಳಲು ಕೂರುತ್ತದೆ. ಮನೆಯಲ್ಲಾಗಿದ್ದರೆ ಅಲ್ಲೊಂದು ಸುರುಳಿ ಬೀಳುತ್ತಿತ್ತು. ಆದರೆ ಅಲ್ಲಿಯವರೆಗೆ ಪ್ರತಿ ಕತ್ತಿಗೂ ಶಿಳ್ಳೆ ಹೊಡೆಯುತ್ತಿದ್ದ ಸಭಾಂಗಣ ಒಮ್ಮೆಲೇ ಮೌನವಾಯಿತು. ಪಕ್ಕದಲ್ಲಿ ಕೂತ, ಗುರುತಿಲ್ಲದ ಹುಡುಗನೊಬ್ಬ ತೋಳಿನಿಂದ ಮೂಗು ಒರೆಸಿಕೊಂಡ. ಜಾತ್ರೆ ನಡೆಯುತ್ತಿರುವಾಗ ತೇರಿನ ಹತ್ತಿರ ನಾನು ನಿಂತದ್ದು ಅದೇ ಮೊದಲು.

ಹೊರಗೆ ಬಂದಾಗ "ಈಗ ಹೇಳಿ ಚಿಕ್ಕಪ್ಪ, ಎಷ್ಟು?" ಎಂದಳು.

"ಆರೂವರೆ" ಎಂದೆ.